ಹಳೆ ಡೀಸೆಲ್ ಸ್ವಿಫ್ಟ್: ಟೈಮಿಂಗ್ ಚೈನ್ ಕೈಕೊಡದಂತೆ ನೋಡಿಕೊಳ್ಳಿ

ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ ಗಾಡಿಗಳಲ್ಲಿದ್ದ ಫಿಯೆಟ್ ವಿನ್ಯಾಸದ 1248 ಸಿಸಿ ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್, ವಾಲ್ವ್ ತೆರೆಯುವ ಕ್ಯಾಮ್ ಎರಡೂ ತಾಳ ತಪ್ಪದೆ ತಿರುಗುವಂತೆ ಜೋಡಿಸುವುದು ಇದೇ. ಚೈನ್ ಅಂದರೆ ಜೀವನಪೂರ್ತಿ ಬಾಳುತ್ತದೆ ಎಂದು ನಂಬಿ ಕೂರಬೇಡಿ. ಅದರ ಆಯುಸ್ಸು ನೀವು ಹಾಕುವ ಆಯಿಲ್‌ ಕೈಯಲ್ಲಿದೆ.

ಡೀಸೆಲ್ ಉರಿದ ಮಸಿ ಆಯಿಲ್‌ಗೆ ಸೇರಿ ಕೊಂಡಿಗಳ ಪಿನ್ನು, ಬುಶ್ಶುಗಳನ್ನು ಸವೆಸುತ್ತದೆ. ಒಂದೊಂದು ಕೊಂಡಿಯ ಸವೆತ ಸ್ವಲ್ಪವೇ ಆದರೂ ಎಲ್ಲ ಕೂಡಿ ಚೈನ್ ಉದ್ದವಾಗುತ್ತದೆ. ಟೆನ್ಷನರ್ ಕೂಡ ಆಯಿಲ್ ಪ್ರೆಷರ್‌ನಿಂದಲೇ ಚೈನನ್ನು ಬಿಗಿ ಹಿಡಿಯುವುದು. ಆಯಿಲ್ ಕಮ್ಮಿಯಾದರೆ ಚೈನ್ ಸಡಿಲಗೊಂಡು ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಹಾರುತ್ತದೆ. ಆಗ ಪಿಸ್ಟನ್ ವಾಲ್ವ್‌ಗೆ ಬಡಿದು, ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳು ಮುರಿಯುತ್ತವೆ, ವಾಲ್ವ್ ಬಾಗಲೂಬಹುದು.

ಮ್ಯಾನುಯಲ್‌ನಲ್ಲಿ 10,000 ಕಿ.ಮೀ. ಅಂತಿದ್ದರೂ ಬೆಂಗಳೂರಿನಂಥ ಟ್ರಾಫಿಕ್‌ನಲ್ಲಿ ಓಡುವ ಗಾಡಿಗೆ 7,500ಕ್ಕೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ತಿರುಗುತ್ತಲೇ ಇರುತ್ತದೆ, ಮೀಟರ್ ಮಾತ್ರ ಓಡುವುದಿಲ್ಲ. ಓಡಾಟ ಕಮ್ಮಿಯಿದ್ದರೆ ವರ್ಷಕ್ಕೊಮ್ಮೆ ಸಾಕು. ಎರಡು ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ತಾನಾಗಿ ಏರಿದ್ದರೆ, ಡೀಸೆಲ್ ವಾಸನೆಯೂ ಬಂದರೆ ಆಯಿಲ್‌ಗೆ ಡೀಸೆಲ್ ಇಳಿಯುತ್ತಿದೆ. ತೆಳುವಾದ ಆ ಆಯಿಲ್‌ನಲ್ಲಿ ಗಾಡಿ ಓಡಿಸಬೇಡಿ. ಕೆಂಪು ಆಯಿಲ್ ಲೈಟ್ ಹತ್ತಿದರಂತೂ ಅಲ್ಲೇ ಆಫ್ ಮಾಡಿ.

ಬೆಳಗಿನ ಮೊದಲ ಸ್ಟಾರ್ಟ್‌ಗೆ ಬಾನೆಟ್ ಎತ್ತಿ, ಕೀಲಿ ತಿರುಗಿಸಲು ಇನ್ನೊಬ್ಬರಿಗೆ ಹೇಳಿ. ಫ್ಯಾನ್ ಬೆಲ್ಟ್ ಇರುವ ಬದಿಗೆ ಕಿವಿಗೊಡಿ. ಇಂಜೆಕ್ಟರ್ ಸದ್ದು ಕಟಕಟ ಎಂದು ಒಂದೇ ಲಯದಲ್ಲಿರುತ್ತದೆ. ಚೈನಿನದು ಸರಪಳಿ ಎಳೆದಂತೆ ಗರಗರ. ಕ್ಷಣಮಾತ್ರ ಕೇಳಿ ನಿಂತರೆ ಆಯಿಲ್ ನೋಡಿ. ದಿನವೂ ಎರಡು-ಮೂರು ಸೆಕೆಂಡ್ ಬರುತ್ತಿದ್ದರೆ, ಇಲ್ಲವೇ ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ತಾಳ ತಪ್ಪಿವೆ ಎಂಬ ಸೂಚನೆ) ಬಂದರೆ ಚೈನ್ ಕೆಲಸ ಮುಂದೂಡಬೇಡಿ. ಅಂಥ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಾರದು. ಇಳಿಜಾರಿನಲ್ಲಿ ಬರೀ ಗೇರ್ ಹಾಕಿ ನಿಲ್ಲಿಸುವುದೂ ತಪ್ಪು: ಎಂಜಿನ್ ಹಿಮ್ಮುಖ ತಿರುಗಿದರೆ ಸಡಿಲ ಚೈನ್ ಹಲ್ಲು ಹಾರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಗೇರ್ ಹಾಕಿ.

ಬದಲಿಸುವಾಗ ಬರೀ ಚೈನ್ ಹಾಕಿಸಿದರೆ ದುಡ್ಡು ದಂಡ. ಹಳೆ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿನ್ನುತ್ತದೆ. ಎರಡೂ ಸ್ಪ್ರಾಕೆಟ್, ಗೈಡ್, ಟೆನ್ಷನರ್, ಕ್ರ್ಯಾಂಕ್ ಆಯಿಲ್ ಸೀಲ್ ಒಟ್ಟಿಗೇ ಹೊಸದಾಗಲಿ. ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಹೇಗೂ ಇಳಿಸಬೇಕು, ಆಗ ಆಯಿಲ್ ಪಂಪ್‌ನ ಜಾಲರಿ ತೊಳೆಸಿ. ಕ್ರ್ಯಾಂಕ್, ಕ್ಯಾಮ್ ಲಾಕ್ ಮಾಡುವ ಪಿನ್‌ಗಳಿಲ್ಲದೆ ಅಂದಾಜಿಗೆ ಗುರುತು ಹಾಕುವವರ ಕೈಗೆ ಈ ಕೆಲಸ ಕೊಡಬೇಡಿ. ಜೋಡಿಸಿದ ಮೇಲೆ ಪಿನ್ ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರ್‌ನಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸರಾಗವಾಗಿ ಕೂತರಷ್ಟೇ ಸೆಲ್ಫ್ ಹೊಡೆಯಬೇಕು.