ತೋಡಿಯ ಗಾಂಧಾರವನ್ನು ಬಿಚ್ಚಿ ಕಲಿತದ್ದು: ಪಿಟೀಲು ಸಾಧಕದ ನನ್ನ ಅನುಭವ

ಬೆಳಗಿನ ಜಾವ ಎದ್ದು ಮೂರು ಗಂಟೆ ಎಡೆಬಿಡದೆ ನುಡಿಸಿದರೆ ಮಾತ್ರ ಪಿಟೀಲು ಕೈಗೆ ಹತ್ತುತ್ತದೆ ಎಂಬ ನಂಬಿಕೆ ಮೈಸೂರಿನ ನಮ್ಮ ಬಳಗದಲ್ಲಿ ಇನ್ನೂ ಗಟ್ಟಿಯಾಗಿದೆ. ಬ್ಯಾಂಕಿನ ನೌಕರಿಯ ನಡುವೆ ಅಷ್ಟು ಹೊತ್ತು ಹೊಂದಿಸಲಾಗದ ನಾನು, ಹೆಚ್ಚುಕಡಿಮೆ ಒಂದೂಕಾಲು ಗಂಟೆಯ ಸಾಧಕವನ್ನು (ಅಭ್ಯಾಸವನ್ನು) ಮೂರು ತುಂಡು ಮಾಡಿ, ಅದರಲ್ಲೂ ತೋಡಿ ರಾಗದ ಗಮಕವನ್ನು, ಅಂದರೆ ಸ್ವರವನ್ನು ತೂಗಿ ಅಲುಗಿಸುವುದನ್ನು, ಕಳಚಿಟ್ಟು ನುಡಿಸತೊಡಗಿದಾಗ, ಹಿರಿಯ ಮೃದಂಗ ವಾದಕರೊಬ್ಬರು “ಗಮಕ ತೆಗೆದ ಮೇಲೆ ತೋಡಿಯಲ್ಲಿ ಉಳಿಯುವುದೇನಪ್ಪಾ, ಬರೀ ಸ್ವರದ ಪಟ್ಟಿ” ಎಂದು ನಕ್ಕಿದ್ದರು. ಕಳೆದ ರಾಮನವಮಿಯಲ್ಲಿ ಎರಡೂವರೆ ಗಂಟೆಯ ಹಾಡುಗಾರಿಕೆಗೆ ನಾನು ಪಕ್ಕವಾದ್ಯ ನುಡಿಸಿ ಇಳಿದಾಗ, ಈಗ ಯಾರ ಹತ್ತಿರ ಪಾಠವಾಗುತ್ತಿದೆ ಎಂದು ವಿಚಾರಿಸಿದವರೂ ಅವರೇ.

ಸಂಗೀತದ ಸೀನಿಯರ್ ಪರೀಕ್ಷೆ ಮುಗಿದ ಮೇಲೆ ಐದಾರು ವರ್ಷ ನನ್ನ ನುಡಿಸಾಣಿಕೆ ಇದ್ದಲ್ಲೇ ಇತ್ತು. ಅಟತಾಳದ ವರ್ಣವನ್ನು (ಸಾಧಕಕ್ಕೆ ಬಳಸುವ ಒಂದು ಬಗೆಯ ರಚನೆ) ದಿನವೂ ಮೊದಲಿನಿಂದ ಕೊನೆಯವರೆಗೆ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ನುಡಿಸುತ್ತಿದ್ದೆ. ಎಡವುವ ಜಾಗದಲ್ಲಿ ದಿನವೂ ಎಡವಿ ಮುಂದೆ ಹೋಗುತ್ತಿದ್ದುದರಿಂದ ಆ ಎಡವಟ್ಟಿಗೂ ಸಾಧಕವಾಗುತ್ತಿತ್ತು. ದೋಷ ವಾದ್ಯದಲ್ಲಿರಬೇಕೆಂದು ಸುಮಾರು ಮೂವತ್ತೈದು ಸಾವಿರ ಕೊಟ್ಟು ಕಮಾನು ಕೊಂಡೆ, ನಾಲ್ಕು ಸಾವಿರದ ವಿದೇಶಿ ತಂತಿಗಳ ಸೆಟ್ ಹಾಕಿಸಿದೆ. ನಾದ ತುಸು ದುಂಡಗಾಯಿತು, ಅಪಸ್ವರವೂ ಅಷ್ಟೇ ದುಂಡಗೆ ಕೇಳತೊಡಗಿತು. ವಾರಾಂತ್ಯದ ಶಿಬಿರವೊಂದಕ್ಕೆ ಎಂಟು ಸಾವಿರ ಕಟ್ಟಿ, ನನಗೆ ಬರುತ್ತಿದ್ದ ವರ್ಣವನ್ನೇ ಮೂವತ್ತು ಜನರ ನಡುವೆ ಕುಳಿತು ಮತ್ತೆ ಕಲಿತು ಬಂದೆ. ಇಷ್ಟೆಲ್ಲ ಖರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಕುದುರೆಯನ್ನು (ತಂತಿಗಳನ್ನು ಹೊರುವ ಮರದ ತುಂಡು) ಕೆತ್ತಿಸಿ ತಂತಿಯ ಎತ್ತರ ತಗ್ಗಿಸಿದ್ದೊಂದೇ, ಅದಕ್ಕೆ ಹಿಡಿದದ್ದು ಏಳುನೂರೋ ಎಂಟುನೂರೋ ರೂಪಾಯಿ.

ತೋಡಿಯ ಗಾಂಧಾರ (ಗ) ನಿಂತ ಸ್ವರವಲ್ಲ, ರಿಷಭ (ರಿ), ಮಧ್ಯಮ (ಮ) ಇವುಗಳ ನಡುವೆ ತೂಗುವಂಥದ್ದು. ಆ ತೂಗಾಟದ ಎರಡು ತುದಿಗಳೂ ನನ್ನ ಕೈಯಲ್ಲಿ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತಿದ್ದವು. ಆದ್ದರಿಂದ ಮೊದಲ ತುಂಡಿನಲ್ಲಿ ಮಧ್ಯ ಷಡ್ಜದ (ಸ) ತಂತಿಯ ಮೇಲೆ ರಿಷಭವನ್ನು ಒಂದು ಎಣಿಕೆ, ಮಧ್ಯಮವನ್ನು ಒಂದು ಎಣಿಕೆ, ಒಂದೇ ಬೆರಳಿನಿಂದ ಜಾರಿಸದೆ ಎತ್ತಿ ಇಡುತ್ತಾ, ನಿಮಿಷಕ್ಕೆ ಐವತ್ತು ಬಡಿತದ ಮೆಟ್ರೋನೋಮ್‌ಗೆ (ಲಯ ಎಣಿಸುವ ಸಾಧನ) ನುಡಿಸಿದೆ. ಮಧ್ಯಮವು ತಂಬೂರಿಯ ಷಡ್ಜದೊಡನೆ ಕರಗುವವರೆಗೆ ಎಣಿಕೆ ಏರಿಸುತ್ತಿರಲಿಲ್ಲ, ರಿಷಭವನ್ನು ಮೊದಲು ಹಾಡಿ ಆಮೇಲೆ ಬೆರಳಿಗೆ ತರುತ್ತಿದ್ದೆ. ಅನಂತರ ಬೆರಳನ್ನು ಎತ್ತದೆ ಜಾರಿಸಿ, ಎಣಿಕೆಗೆ ಎರಡು, ಆಮೇಲೆ ನಾಲ್ಕು ಸ್ವರ ಬರುವಂತೆ ಮಾಡಿದಾಗ, ಮೂರನೆಯ ತಿಂಗಳ ಹೊತ್ತಿಗೆ ಅದು ಲೆಕ್ಕದ ಹಂಗು ಬಿಟ್ಟು ಗಾಂಧಾರವಾಗಿಯೇ ಕೇಳಿಸಿತು. ಗಮಕವನ್ನು ಬಿಚ್ಚಿದ್ದು ಮತ್ತೆ ಕಟ್ಟುವುದಕ್ಕಾಗಿ ಎಂಬುದನ್ನು ನಕ್ಕವರು ಗಮನಿಸಿರಲಿಲ್ಲ. ಯಾವ ಬೆರಳು, ಆಗ ಹೆಬ್ಬೆರಳು ಎಲ್ಲಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರು ಕೂರಿಸಿಕೊಂಡು ತೋರಿಸುವ ವಿಷಯ.

ಎರಡನೆಯ ತುಂಡು ಹೊತ್ತು ಪೂರ್ತಿ ಕಮಾನಿನದು. ತಂತಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಖಾಲಿ ತಂತಿಯ ಮೇಲೆ ಎಂಟು ಅಕ್ಷರಕ್ಕೆ ಒಂದು ಕಮಾನಿನಂತೆ ಐದು ನಿಮಿಷ ಎಳೆದು ನಿಲ್ಲಿಸಿ ನೋಡಬೇಕು. ಕಮಾನಿಗೆ ಹಚ್ಚುವ ರೋಸಿನ್ ಪುಡಿ ಸಣ್ಣ ಬಿಳಿ ಪಟ್ಟಿಯಾಗಿ ಕೂತಿದ್ದರೆ ಕಮಾನು ನೆಟ್ಟಗೆ ಹೋಗಿದೆ. ನನ್ನದು ಮೊದಮೊದಲು ಕುದುರೆಯ ಬುಡದಿಂದ ಬೆರಳುಹಲಗೆಯ ತುದಿಯವರೆಗೆ ಹರಡಿರುತ್ತಿತ್ತು. ಇಷ್ಟು ನಿಷ್ಠುರವಾಗಿ ತಪ್ಪು ತೋರಿಸುವ ಗುರು ನನಗೆ ಬೇರೆ ಸಿಕ್ಕಿಲ್ಲ. ಎಡಗೈಗೂ ಇಂಥದೇ ಒಂದು ಸಾಕ್ಷಿಯಿದೆ: ಷಡ್ಜದ ತಂತಿಯಲ್ಲಿ ಪಂಚಮವನ್ನು (ಪ) ಸರಿಯಾಗಿ ಒತ್ತಿದರೆ ಪಕ್ಕದ ಖಾಲಿ ಪಂಚಮದ ತಂತಿ ಮುಟ್ಟದೆಯೇ ಅದುರುವುದು ಕಣ್ಣಿಗೆ ಕಾಣುತ್ತದೆ, ಕೂದಲೆಳೆಯಷ್ಟು ತಪ್ಪಿದರೂ ಅದು ಸುಮ್ಮನಿರುತ್ತದೆ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಮೈಕು ಇಲ್ಲದ ಕಾಲದಲ್ಲಿ ಸಭೆಯ ಕೊನೆಯವರೆಗೂ ನಾದ ಮುಟ್ಟಲೆಂದು ಪಿಟೀಲು ವಿದ್ವಾನ್ ತಿರುಮಕೂಡಲಿನ ಚೌಡಯ್ಯನವರು ಮೂರು ತಂತಿ ಹೆಚ್ಚಿಗೆ ಹೂಡಿ ಏಳು ತಂತಿಯ ಪಿಟೀಲು ನುಡಿಸಿದ್ದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಅಟ್ಟದ ಮೇಲಿದ್ದ ಹಳೆಯ ಪಿಟೀಲಿಗೆ ತಂತಿ ಬಿಗಿಯುವ ಬಿರಡೆಯೊಂದನ್ನು ಹೆಚ್ಚಾಗಿ ಕೂರಿಸಿ, ಮಧ್ಯ ಷಡ್ಜಕ್ಕೆ ಕೆಳಗಿನ ಸ್ಥಾಯಿಯ ಜೋಡಿ ತಂತಿ ಹಾಕಿಸಿದೆ. ಎರಡೂ ಒಂದೇ ಒತ್ತಿಗೆ ಕೂಡಿ ಶ್ರುತಿಗೆ ನಿಲ್ಲುತ್ತಿದ್ದುದು ಹತ್ತು ನಿಮಿಷ. ಅಷ್ಟರಲ್ಲಿ ಕುದುರೆ ವಾಲಲು ಆರಂಭಿಸುತ್ತಿತ್ತು. ಎರಡು ಸಾವಿರ ಹೋಯಿತು, ಚೌಡಯ್ಯನವರ ಕೈಬಲದ ಮೇಲಿನ ಗೌರವ ಮಾತ್ರ ಹೆಚ್ಚಿತು.

ಮೂರನೆಯ ತುಂಡು ರಾತ್ರಿಯ ಇಪ್ಪತ್ತು ನಿಮಿಷ. ಒಂದೇ ಸಂಗತಿಯನ್ನು, ಅಂದರೆ ಸಾಲಿನ ಒಂದು ಸ್ವರರೂಪವನ್ನು, ಫೋನಿನಲ್ಲಿ ಧ್ವನಿಮುದ್ರಿಸಿ, ಆಗಲೇ ಕೇಳದೆ ಮರುದಿನ ಬಸ್ಸಿನಲ್ಲಿ ಕೇಳುತ್ತೇನೆ. ನುಡಿಸಿದ ಗಳಿಗೆಯಲ್ಲಿ ಕಿವಿ ಕೈಯ ಪರವಾಗಿ ವಾದಿಸುತ್ತದೆ, ಮರುದಿನ ಹಾಗಲ್ಲ. ಮೂರು ದಿನ ಸತತವಾಗಿ ಸರಿ ಕೇಳಿದ ಸಂಗತಿಯನ್ನು ಮಾತ್ರ ವರ್ಣಕ್ಕೋ ಕೃತಿಗೋ ಮರಳಿ ಸೇರಿಸುತ್ತೇನೆ. ಈ ಲೆಕ್ಕದಲ್ಲಿ ಒಂದು ವರ್ಣಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಹೊರಗಿನವರಿಗೆ ಇದು ನಿಧಾನವೆನಿಸಬಹುದಾದರೂ, ಹೀಗೆ ಕೂತದ್ದು ವರ್ಷ ಬಿಟ್ಟು ನುಡಿಸಿದರೂ ಕೈತಪ್ಪಿಲ್ಲ.

ಈ ಕ್ರಮಕ್ಕೆ ಇನ್ನೂ ಬಗ್ಗದಿರುವುದು ತಾನ, ಅಂದರೆ ತಾಳವಿಲ್ಲದೆಯೂ ಲಯದ ತುಡಿತದೊಡನೆ ರಾಗವನ್ನು ನುಡಿಸುವ ಭಾಗ. ತಂತಿಯಿಂದ ತಂತಿಗೆ ಕಮಾನು ಹಾರುವ ಕಡೆ, ಬಿಡಿಬಿಡಿಯಾಗಿ ಎಷ್ಟೇ ತಿದ್ದಿದರೂ ವೇಗ ಬಂದೊಡನೆ ಮೊಣಕೈ ಬಿಗಿಯುತ್ತದೆ. ಸದ್ಯ ಬೆರಳುಗಳನ್ನು ಪೂರ್ತಿ ಬಿಟ್ಟು, ಖಾಲಿ ತಂತಿಗಳ ಮೇಲೆಯೇ ತಾನದ ಕಮಾನನ್ನಷ್ಟೇ ಎಳೆಯುತ್ತಿದ್ದೇನೆ. ಒಂದೂವರೆ ತಿಂಗಳಾಯಿತು, ಮನೆಯವರ ತಾಳ್ಮೆಯ ಪರೀಕ್ಷೆಯಾಗಿದೆಯೇ ಹೊರತು ಬೇರೆ ಫಲ ಇನ್ನೂ ಕಂಡಿಲ್ಲ.