ದಾವಣಗೆರೆಯಲ್ಲಿ ಕೂತು ಮುಂಬೈ ಭೂಗತ ಲೋಕದ ಪತ್ತೇದಾರಿ ಕಾದಂಬರಿ ಬರೆಯೋದು ಹೇಗೆ?

ನಮ್ಮೂರಿನ ಹುಡುಗ ಹುಡುಗಿಯರು ಪತ್ತೇದಾರಿ ಕಾದಂಬರಿ ಬರೆದು ತಂದು ಕೊಡುತ್ತಾರೆ. ಓದಿ ಹೇಳಿ ಅಂತಾರೆ. ಎರಡು ವರ್ಷದಲ್ಲಿ ಏಳೆಂಟು ಹಸ್ತಪ್ರತಿ ಓದಿದ್ದೇನೆ. ಎಲ್ಲದರಲ್ಲೂ ಮುಂಬೈ, ಡಾನ್, ಸುರಿಯುವ ಮಳೆ. ಎಲ್ಲವೂ ಮುಗ್ಗರಿಸೋದು ಒಂದೇ ಜಾಗದಲ್ಲಿ. ಪತ್ತೇದಾರ ಪೊಲೀಸ್ ಗೆಳೆಯನಿಗೆ ಫೋನ್ ಮಾಡುತ್ತಾನೆ, ಹತ್ತು ನಿಮಿಷದಲ್ಲಿ ಶಂಕಿತನ ಕಾಲ್ ರೆಕಾರ್ಡ್, ಅಂದರೆ ಯಾರಿಗೆ ಯಾವಾಗ ಫೋನ್ ಮಾಡಿದ ಅನ್ನೋ ಪಟ್ಟಿ, ಕೈಗೆ ಬರುತ್ತದೆ. ಅಲ್ಲಿಗೆ ಕಥೆಯ ಉಸಿರು ನಿಂತಿತು. ಆ ಜಾಗ ದಾಟೋದು ಹೇಗೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ. ಉಳಿದ ಹಂತಗಳನ್ನು ಬೇಗ ಮುಗಿಸುತ್ತೇನೆ.

ಹಂತ 1: ಪತ್ತೇದಾರನಿಗೆ ಹೊಟ್ಟೆಪಾಡು ಕೊಡಿ

ಖಾಸಗಿ ಪತ್ತೇದಾರನ ಬಾಗಿಲಿಗೆ ಕೊಲೆ ಕೇಸು ಬರೋದು ಅಪರೂಪ. ಅವನ ಅನ್ನ ಹುಟ್ಟೋದು ಮದುವೆ ವಿಚಾರಣೆಯಲ್ಲಿ, ವಿಚ್ಛೇದನದಲ್ಲಿ, ಕಂಪನಿಗೆ ಸೇರುವವರ ಹಿನ್ನೆಲೆ ನೋಡೋದರಲ್ಲಿ. ಹಾಗಾಗಿ ಸಣ್ಣದರಿಂದ ಶುರು ಮಾಡಿ. ಪಿ.ಜೆ. ಬಡಾವಣೆಯ ಒಬ್ಬ ತಾಯಿ ಬರುತ್ತಾಳೆ. ಮಗಳಿಗೆ ಗೊತ್ತು ಮಾಡಿದ ಗಂಡು ಮುಂಬೈಯಲ್ಲಿ ಬಿಲ್ಡರ್ ಹತ್ತಿರ ಕೆಲಸದಲ್ಲಿದ್ದಾನೆ. ಸಂಬಳಕ್ಕಿಂತ ಖರ್ಚು ಜಾಸ್ತಿ. ಇಷ್ಟು ಸಾಕು.

ಹಂತ 2: ದೊಡ್ಡ ಊರಿಗೆ ದಾರಿ ಹಾಕಿ

ಮುಂಬೈ ನೋಡಿಲ್ಲ, ಹೇಗೆ ಬರೆಯಲಿ ಅಂತ ಕೇಳುತ್ತಾರೆ. ನಾವು ದಿನಾ ಓಡಾಡುವ ಹಳೇ ಪಿ.ಬಿ. ರಸ್ತೆಯನ್ನೇ ನೋಡಿ. ಪಿ ಅಂದರೆ ಪೂನಾ, ಬಿ ಅಂದರೆ ಬೆಂಗಳೂರು. ಊರ ಹೊರಗಿನ ರಾಷ್ಟ್ರೀಯ ಹೆದ್ದಾರಿ 48 ನೆಟ್ಟಗೆ ಮುಂಬೈಗೆ ಹೋಗುತ್ತದೆ. ಆ ಊರಿನ ದಂಧೆ ನಮ್ಮೂರಿಗೆ ಬಂದು ಎಷ್ಟೋ ಕಾಲ ಆಯಿತು.

ಓಸಿ (ಓಪನ್-ಕ್ಲೋಸ್) ಜೂಜಿನ ಚೀಟಿ ನೋಡಿದ್ದೀರಲ್ವಾ? ಬೆರಳಗಲದ ಕಾಗದ, ಎರಡು ಅಂಕಿ, ಪಕ್ಕದಲ್ಲಿ ಹಣ. ಇದರ ಬೇರು ಇರೋದು ಹತ್ತಿಯಲ್ಲಿ. ನ್ಯೂಯಾರ್ಕ್ ಹತ್ತಿ ಪೇಟೆಯ ಓಪನ್ ದರ, ಕ್ಲೋಸ್ ದರ ತಂತಿಯಲ್ಲಿ ಬಾಂಬೆಗೆ ಬರುತ್ತಿತ್ತು. ಜನ ಅದರ ಮೇಲೆ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಆ ದರ ಬರೋದು ನಿಂತಿತು. ಆಗ ಮಡಕೆಯಿಂದ ಚೀಟಿ ಎತ್ತಿ ಅಂಕಿ ತೆಗೆಯೋಕೆ ಶುರು ಮಾಡಿದರು. ಅದೇ ಮಟ್ಕಾ. ಬಾಂಬೆಯ ಗಿರಣಿ ಕಾರ್ಮಿಕರು ಅದರ ದೊಡ್ಡ ಗಿರಾಕಿಗಳು.

1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹೋದ ಮನೆಗಳ ಎಷ್ಟೋ ಹುಡುಗರು ಗ್ಯಾಂಗ್ ಸೇರಿದರು. ಗಿರಣಿ ಜಾಗದಲ್ಲಿ ಗಗನಚುಂಬಿ ಕಟ್ಟಡ ಎದ್ದವು. ದಾವಣಗೆರೆಯೂ ಗಿರಣಿ ಮುಚ್ಚಿದ ಊರೇ. ನಮ್ಮಪ್ಪ ಗಿರಣಿಯಲ್ಲಿದ್ದರು. ಸೈರನ್ ನಿಂತ ಮೇಲೂ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಕೂರುತ್ತಿದ್ದರು. ಮುಂಬೈ ಡಾನ್ ಹೇಗಿರುತ್ತಾನೆ ಅಂತ ಊಹಿಸುತ್ತಾ ಕೂರಬೇಡಿ. ಹೀಗೆ ಎದ್ದು ಕೂತ ಮನುಷ್ಯನ ಮಗನನ್ನು ಬರೆಯಿರಿ.

ಹಂತ 3: ಸುಳಿವು ಹೇಗೆ ಸಿಗುತ್ತದೆ

ಇದೇ ಕಷ್ಟದ ಜಾಗ. ಮೊದಲು ಪತ್ತೇದಾರನ ಮಿತಿ ತಿಳಿಯಿರಿ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆ ಅಂತ ಬೇರೆ ಕಾಯ್ದೆಯೇ ಇಲ್ಲ. 2005ರ ಕಾಯ್ದೆ ಸೆಕ್ಯುರಿಟಿ ಗಾರ್ಡ್ ಏಜೆನ್ಸಿಗಳಿಗೆ ಸಂಬಂಧಿಸಿದ್ದು. ಪತ್ತೇದಾರರಿಗೆ ಅಂತ 2007ರಲ್ಲಿ ಮಸೂದೆ ಬಂತು, ಕಾಯ್ದೆ ಆಗಲಿಲ್ಲ. ಅವನು ಯಾರನ್ನೂ ತಡೆದು ಕೇಳುವ ಹಾಗಿಲ್ಲ, ಮನೆ ಶೋಧಿಸುವ ಹಾಗಿಲ್ಲ. ಕಾಲ್ ರೆಕಾರ್ಡ್ ಕೊಂಡರೆ ಅವನೇ ಜೈಲಿಗೆ. 2018ರಲ್ಲಿ ಮುಂಬೈ ಪಕ್ಕದ ಥಾಣೆ ನಗರದ ಪೊಲೀಸರು ಇದೇ ಆರೋಪದ ಮೇಲೆ ಕೆಲವು ಖಾಸಗಿ ಪತ್ತೇದಾರರನ್ನು ಹಿಡಿದರು.

ಹಾಗಾದರೆ ಅವನಿಗೆ ಉಳಿದದ್ದೇನು? ಸಾರ್ವಜನಿಕ ಕಾಗದ, ಕಣ್ಣು, ಮತ್ತೆ ಮಾತಾಡುವ ಜನ.

ಕಾಗದದಿಂದ ಶುರು ಮಾಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಕೇಸು ಹುಡುಕಬಹುದು. ಮಹಾರಾಷ್ಟ್ರದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಕಟ್ಟಡಕ್ಕೆ ಯಾರು ಬಿಲ್ಡರ್ ಅಂತ ಸಿಗುತ್ತದೆ. ಕಂಪನಿಗಳ ನೋಂದಣಿಯಲ್ಲಿ ನಿರ್ದೇಶಕರ ಹೆಸರಿರುತ್ತದೆ. ಆದರೆ ಹೆಸರು ಹಾಕಿದ ತಕ್ಷಣ ಉತ್ತರ ಬಂತು ಅಂತ ಬರೆಯಬೇಡಿ. ನಮ್ಮ ಕಡೆ ಒಬ್ಬನೇ ಮನುಷ್ಯ ಪಹಣಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತಾನೆ. ಅಪ್ಪನ ಹೆಸರು ಮುಂದೆ, ಊರಿನ ಹೆಸರು ಹಿಂದೆ, ಇಂಗ್ಲಿಷ್ ಕಾಗುಣಿತ ನಾಲ್ಕು ಥರ. ಪತ್ತೇದಾರ ಮೂರು ಕಾಗುಣಿತ ಹಾಕಿ ಸೋಲಲಿ. ನಾಲ್ಕನೆಯದು ಮದುವೆ ಲಗ್ನಪತ್ರಿಕೆಯ ಕರಡಿನಲ್ಲಿ ಸಿಗಲಿ. ಆ ಕರಡು ಆ ತಾಯಿಯ ಬ್ಯಾಗಿನಲ್ಲೇ ಇತ್ತು! ಓದುಗನಿಗೆ ಸಿಗುವ ಖುಷಿ ಇದೇ.

ಆಮೇಲೆ ಕಣ್ಣು. ಹವಾಲಾ ಅಂದರೆ ಬ್ಯಾಂಕಿಗೆ ಹೋಗದೆ ಗುಟ್ಟಾಗಿ ಹಣ ದಾಟಿಸೋದು, ಅದರಲ್ಲಿ ರಸೀದಿ ಇರಲ್ಲ. ಹತ್ತು ರೂಪಾಯಿ ನೋಟೊಂದರ ನಂಬರನ್ನು ಆ ಕಡೆಗೆ ಕಳಿಸಿರುತ್ತಾರೆ. ಅದೇ ನೋಟು ತೋರಿಸಿದವನಿಗೆ ಲಕ್ಷಗಟ್ಟಲೆ ಹಣ ಎಣಿಸಿ ಕೊಡುತ್ತಾರೆ. ಈಗ ಮಂಡಿಪೇಟೆಯ ಒಂದು ಅಂಗಡಿ ಊಹಿಸಿಕೊಳ್ಳಿ. ಮದುವೆ ಗಂಡು ಮಸಿ ಹಿಡಿದ ಹತ್ತರ ನೋಟನ್ನು ಮೊಬೈಲ್ ಕವರ್ ಒಳಗಿಂದ ತೆಗೆಯುತ್ತಾನೆ. ಅಂಗಡಿಯವನು ಬೆಲೆ ನೋಡಲ್ಲ, ಮೂಲೆಯ ನಂಬರ್ ನೋಡುತ್ತಾನೆ. ತುಟಿ ಅಲ್ಲಾಡಿಸಿ ಓದುತ್ತಾನೆ. ಎದುರಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿರುವ ಪತ್ತೇದಾರನಿಗೆ ಅಷ್ಟು ಸಾಕು. ಯಾವ ಇನ್‌ಸ್ಪೆಕ್ಟರ್ ಗೆಳೆಯನೂ ಬೇಡ.

ಮೂರನೆಯದು ಜನ. ಇಲ್ಲೇ ಜಾಸ್ತಿ ಜನ ಎಡವೋದು. ವಾಚ್‌ಮನ್‌ಗೆ ಐನೂರು ಕೊಟ್ಟ, ಅವನು ಎಲ್ಲಾ ಹೇಳಿದ. ಹೀಗಾಗಲ್ಲ. ಗ್ಯಾಂಗಿನ ಕಟ್ಟಡ ಕಾಯುವವನಿಗೆ ಜೀವದ ಹೆದರಿಕೆ ಇರುತ್ತದೆ. ಅವನು ಸುಮ್ನೆ ಹೇಳಲ್ಲ. ಪ್ರತಿ ಸುಳಿವಿನ ಮುಂದೆ ಎರಡು ಸಾಲು ಬರೆದಿಟ್ಟುಕೊಳ್ಳಿ: ಕೊಟ್ಟವನಿಗೆ ಏನು ಬೇಕಿತ್ತು, ಪತ್ತೇದಾರನಿಂದ ಏನು ಹೋಯಿತು. ಆ ವಾಚ್‌ಮನ್ ಹರಿಹರದ ಕಡೆಯವನು ಅಂದುಕೊಳ್ಳಿ. ಊರಲ್ಲಿರುವ ಮಗಳಿಗೆ ಹಾಸ್ಟೆಲ್ ಸೀಟು ಬೇಕಿದೆ. ಪತ್ತೇದಾರ ಮಾತು ಕೊಡುತ್ತಾನೆ. ಆ ಮಾತು ನಡೆಸಲು ಆಗಲ್ಲ. ಹತ್ತನೇ ಅಧ್ಯಾಯದಲ್ಲಿ ಅದೇ ಅವನನ್ನು ಕಾಡಬೇಕು. ಈ ಎರಡು ಸಾಲು ತುಂಬಲು ಆಗದಿದ್ದರೆ ಆ ಸುಳಿವನ್ನೇ ಹೊಡೆದು ಹಾಕಿ.

ಇಷ್ಟು ಹೊತ್ತಿಗೆ ನೂರು ಪುಟ ಆಗಿರುತ್ತದೆ. ಒಂದು ಮಾತು ಹೇಳಿಬಿಡುತ್ತೇನೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ. ಮೊದಲ ದಿನದಿಂದಲೇ ಯೂನಿಕೋಡ್ ಬಳಸಿ. ಮಾತಾಡಿದರೆ ಟೈಪ್ ಮಾಡುವ ಆ್ಯಪ್‌ಗಳೂ ಬೇಡ, ಕೆಲವು ಸಲ ಒತ್ತಕ್ಷರ ನುಂಗುತ್ತವೆ. ಎಐ ಹತ್ತಿರ ಕಥೆಯ ಎಳೆ ಕೇಳಿದವರ ಹಸ್ತಪ್ರತಿಯನ್ನೂ ಓದಿದ್ದೇನೆ. ಮೂರು ಜನರ ಕಥೆಯಲ್ಲೂ ಒಂದೇ ಗೋದಾಮು, ಒಂದೇ ಬೆಂಕಿ.

ಹಂತ 4: ಹೊಡೆದಾಟ ಒಂದೇ ಸಲ ಬರಲಿ. ಅದರಲ್ಲಿ ಪತ್ತೇದಾರ ಏಟು ತಿನ್ನಲಿ.

ಹಂತ 5: ಮಾತು. ಮುಂಬೈಯವರ ಬಾಯಲ್ಲಿ ಲಕ್ಷ ಅಂದರೆ ಪೇಟಿ, ಕೋಟಿ ಅಂದರೆ ಖೋಖಾ. ಒಂದೆರಡು ಸಲ ಬಂದರೆ ಸಾಕು. ನಿಮ್ಮ ಪತ್ತೇದಾರ ಮಾತ್ರ ಕೊನೆವರೆಗೂ ದಾವಣಗೆರೆ ಕನ್ನಡವನ್ನೇ ಆಡಲಿ.

ಹಂತ 6: ಕೊನೆ

ಡಾನ್‌ನನ್ನು ಕೋರ್ಟಿನಲ್ಲಿ ನಿಲ್ಲಿಸುವ ಆಸೆ ಎಲ್ಲರಿಗೂ. ಕಾನೂನು ಓದಿಕೊಂಡು ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧದ್ದು. ಆ ಕಲಂನ ಕೇಸು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಆ ಗ್ಯಾಂಗಿನ ಚಟುವಟಿಕೆ ಬಗ್ಗೆ ಹಿಂದಿನ ಹತ್ತು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಕೋರ್ಟಿಗೆ ಹೋಗಿರಬೇಕು. ನಿಮ್ಮ ಡಾನ್ ಹೆಸರು ಯಾವುದರಲ್ಲೂ ಇರಲ್ಲ, ಎಲ್ಲಾ ಕೇಸು ಆ ಮದುವೆ ಗಂಡಿನಂಥ ಹುಡುಗರ ಹೆಸರಲ್ಲಿರುತ್ತವೆ, ಅವನನ್ನು ಅವರ ಗ್ಯಾಂಗಿಗೆ ಜೋಡಿಸುವ ಸಾಕ್ಷಿ ಸಿಗಲ್ಲ.

ಹಾಗಾಗಿ ಪತ್ತೇದಾರ ಬರಿಗೈಯಲ್ಲಿ ರೈಲು ಹತ್ತಿ ವಾಪಸ್ ಬರಲಿ. ಪಿ.ಜೆ. ಬಡಾವಣೆಯ ಆ ಮನೆಯಲ್ಲಿ ಕೂರಲಿ. ಎರಡು ಪುಟದ ವರದಿ ಟೀಪಾಯಿ ಮೇಲೆ ಇಡಲಿ. ತಾಯಿ ಅದನ್ನು ಓದಲ್ಲ, ಕನ್ನಡಕ ಒಳಗಿದೆ ಅಂತಾಳೆ. "ನೀವೇ ಹೇಳಿಬಿಡಿ, ಚಪ್ಪರ ಹಾಕಿಸಲಾ ಬೇಡ್ವಾ?" ಅಂತ ಕೇಳುತ್ತಾಳೆ. ಒಳಗಿನ ಕೋಣೆಯಲ್ಲಿ ಮಗಳ ಬಳೆ ಸದ್ದು. ಕೊನೆಯ ಪುಟ ಅಲ್ಲಿ ಮುಗಿಯಲಿ.