ಸ್ವಿಚ್ ಆಫ್ ಆದರೂ ಹೋಲ್ಡರ್‌ನಲ್ಲಿ ಕರೆಂಟ್ ಉಳಿದಿದ್ದರೆ

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುತ್ತಿದ್ದರೆ, ಬಲ್ಬನ್ನು ಎಸೆಯುವ ಮೊದಲು ವೈರಿಂಗ್ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸ್ವಿಚ್, ಕರೆಂಟ್ ತರುವ ಫೇಸ್ ತಂತಿಯ ಸಂಪರ್ಕವನ್ನೇ ಕಡಿಯಬೇಕು. ತಪ್ಪಿ, ಕರೆಂಟ್ ಹಿಂದಿರುಗುವ ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿದ್ದರೆ ದೀಪವೇನೋ ಎಂದಿನಂತೆ ಹತ್ತಿ ಆರುತ್ತದೆ. ಆದರೆ ಆರಿದ ದೀಪದ ಹೋಲ್ಡರ್‌ನಲ್ಲಿ ಫೇಸ್ ಹಾಗೆಯೇ ಇರುವುದರಿಂದ, ಸ್ವಿಚ್ ಆಫ್ ಆಗಿದೆಯೆಂಬ ನಂಬಿಕೆಯಲ್ಲಿ ಬಲ್ಬ್ ಬದಲಿಸಲು ಹೋದವರಿಗೆ ಶಾಕ್ ಹೊಡೆಯಬಹುದು. ಎಲ್ಲವೂ ಸರಿಯಿರುವಂತೆ ಕಾಣುವುದರಿಂದಲೇ ಈ ದೋಷ ನನಗೆ ಅತ್ಯಂತ ಅಪಾಯಕಾರಿ ಎನಿಸುತ್ತದೆ.

ಮೇನ್ ಆಫ್ ಮಾಡಿ ಬಲ್ಬ್ ತೆಗೆದು, ಮತ್ತೆ ಮೇನ್ ಹಾಕಿ, ದೀಪದ ಸ್ವಿಚ್ ಆಫ್ ಇರುವಾಗಲೇ ಹೋಲ್ಡರ್‌ನ ಒಂದೊಂದು ಪಿನ್ನಿಗೂ ಅರ್ಥಿಂಗಿಗೂ ನಡುವಿನ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆಯಬೇಕು. ಪೂರ್ಣ ವೋಲ್ಟೇಜ್ ತೋರಿಸಿದರೆ ತಂತಿಗಳು ಅದಲುಬದಲಾಗಿರುವ ಅಥವಾ ಸ್ವಿಚ್ಚೇ ಒಳಗೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಇಂಡಿಕೇಟರ್ (ಪುಟ್ಟ ಸೂಚಕ ದೀಪ) ಇರುವ ಸ್ವಿಚ್ಚಿನಿಂದಲೂ ಎಲ್‌ಇಡಿ ಮಂಕಾಗಿ ಉರಿಯುವುದುಂಟು. ಅದು ವೈರಿಂಗ್ ದೋಷವಲ್ಲ.

ದೀಪ ಮಿಟುಕುತ್ತಿದ್ದರೆ ಮೇನ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಮೀಟರ್‌ನಿಂದ ಖಚಿತಪಡಿಸಿಕೊಂಡು ಹೋಲ್ಡರ್ ಬಿಚ್ಚಿ ನೋಡಿ. ಸ್ಪ್ರಿಂಗ್ ಪಿನ್ ಒಳಗೇ ಕುಸಿದು ಕಪ್ಪಗಾಗಿರಬಹುದು, ಇಲ್ಲವೇ ತಾಮ್ರದ ಬದಲು ತಂತಿಯ ಪ್ಲಾಸ್ಟಿಕ್ ಹೊದಿಕೆಯೇ ಸ್ಕ್ರೂ ಅಡಿ ಸಿಕ್ಕಿಕೊಂಡಿರಬಹುದು. ಸುಟ್ಟ ಹೋಲ್ಡರನ್ನು ಉಜ್ಜಿ ಮತ್ತೆ ಬಳಸಬೇಡಿ, ಹೊಸದನ್ನೇ ಹಾಕಿ. ಫೇಸ್, ನ್ಯೂಟ್ರಲ್ ಬದಲಾಯಿಸುವ ಕೆಲಸವನ್ನು ಮಾತ್ರ ಪರಿಣತ ಎಲೆಕ್ಟ್ರಿಷಿಯನ್‌ಗೆ ಬಿಡಿ. ತಪ್ಪು ಹೆಚ್ಚಾಗಿ ಸ್ವಿಚ್ ಬೋರ್ಡಿನೊಳಗೇ ಇರುತ್ತದೆ.